ತಲೆಯೊಳಗಿನ ಯಂತ್ರಕ್ಕೆ ವಾರಂಟಿ ಎಷ್ಟು ವರ್ಷ?

1977ನೇ ಇಸವಿ. ಆಸ್ಟ್ರೇಲಿಯಾದ ಕಯಾಮಾ ಎಂಬ ಊರಿನ ಕಡಲತೀರ. ಡಾಕ್ಟರೊಬ್ಬರು ಕೂತು, ಸುರುಳಿ ಚಿಪ್ಪೊಂದರ ಒಳಗೆ ಹುಲ್ಲಿನ ಎಸಳು ತೂರಿಸುತ್ತಿದ್ದಾರೆ. ದೂರದಿಂದ ನೋಡಿದವರಿಗೆ ಮಕ್ಕಳಾಟ ಅನ್ನಿಸಿರಬೇಕು. ಆದರೆ ಅವರನ್ನು ಕೊರೆಯುತ್ತಿದ್ದ ಪ್ರಶ್ನೆಯೊಂದಕ್ಕೆ ಉತ್ತರ ಅಲ್ಲೇ ಸಿಕ್ಕಿತು. ತುದಿ ಬಳುಕುವಂತಿದ್ದು, ಬುಡದ ಕಡೆಗೆ ಬಿಗಿಯಾಗುತ್ತ ಹೋಗುವ ಎಸಳು ಚಿಪ್ಪಿನ ತಿರುವುಗಳಲ್ಲಿ ಸಲೀಸಾಗಿ ಒಳಗೆ ಹೋಗುತ್ತಿತ್ತು. ಹಾಗಾದರೆ ತಂತಿಯನ್ನೂ ಹಾಗೇ ಮಾಡಬೇಕು!

ಆ ಡಾಕ್ಟರು ಗ್ರೇಮ್ ಕ್ಲಾರ್ಕ್. ತಂತಿ ಹೋಗಬೇಕಿದ್ದದ್ದು ಮನುಷ್ಯರ ಒಳಕಿವಿಗೆ. ಮರುವರ್ಷ, 1978ರ ಆಗಸ್ಟ್ 1ರಂದು, ಮೆಲ್ಬರ್ನ್‌ನಲ್ಲಿ ಅವರ ತಂಡ ಆ ಸಾಧನವನ್ನು ಅಪಘಾತದಲ್ಲಿ ಕೇಳುವ ಶಕ್ತಿ ಕಳೆದುಕೊಂಡಿದ್ದ ಒಬ್ಬರಿಗೆ ಕೂರಿಸಿತು. ಇವತ್ತು ನಾವು ಕಾಕ್ಲಿಯರ್ ಇಂಪ್ಲಾಂಟ್ ಅನ್ನುವುದು ಇದೇ ವಂಶದ್ದು.

ಈಗಿನ ಕಾಲದಲ್ಲಿ ಇಂಥವರನ್ನು ಪರಿಚಯಿಸಲು ಒಂದು ಸಾಲು ರೆಡಿ ಇರುತ್ತದೆ: ನರವಿಜ್ಞಾನಿ, ಉದ್ಯಮಿ, ಸಮಾಜದ ಕಾಳಜಿ ಉಳ್ಳವರು. ಕೇಳಲು ಚೆನ್ನಾಗಿದೆ. ಆದರೆ ಇವು ಒಂದೇ ಕೆಲಸದ ಮೂರು ಹೆಸರುಗಳಲ್ಲ. ಮೂರಕ್ಕೂ ಬೇರೆ ಬೇರೆ ಗಡಿಯಾರ. ಸಂಶೋಧನೆಯ ಗಡಿಯಾರ ನಿಧಾನ. ಒಂದು ಪ್ರಶ್ನೆಗೆ ಇಪ್ಪತ್ತು ವರ್ಷ ಹಿಡಿದರೂ ಯಾರೂ ಬೈಯುವುದಿಲ್ಲ. ದುಡ್ಡು ಹಾಕಿದವರ ಗಡಿಯಾರ ಅವಸರದ್ದು. ಐದೋ ಹತ್ತೋ ವರ್ಷದಲ್ಲಿ ಫಲ ಕಾಣಬೇಕು. ಇನ್ನು ರೋಗಿಯ ಗಡಿಯಾರ ಅಂದರೆ ಅವರ ಉಳಿದ ಬದುಕು ಪೂರ್ತಿ. ತಲೆಯೊಳಗೆ ಯಂತ್ರ ಇಡುವವರ ಪಾಡೆಲ್ಲ ಈ ಮೂರನ್ನು ಹೊಂದಿಸುವುದರಲ್ಲೇ ಇದೆ.

ಮೊದಲು ಆ ಯಂತ್ರ ಏನು ಮಾಡುತ್ತದೆ ನೋಡೋಣ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ಸಣ್ಣ ಕೊಳವೆ ಇದೆ. ಅದೇ ಕಾಕ್ಲಿಯ. ಅದರ ತುಂಬ ದ್ರವ. ನಡುವೆ ಉದ್ದಕ್ಕೂ ಒಂದು ತೆಳು ಪೊರೆ. ಪೊರೆಯ ಮೇಲೆ ಸಾಲಾಗಿ ಸುಮಾರು 15,000 ಕೂದಲಕೋಶಗಳು. ಶಬ್ದ ಬಂದಾಗ ಪೊರೆ ಅಲುಗುತ್ತದೆ. ಆದರೆ ಎಲ್ಲಾ ಕಡೆ ಒಂದೇ ಥರ ಅಲ್ಲ. ಕೀಚಲು ದನಿಗೆ ಕೊಳವೆಯ ಬಾಯಿಯ ಹತ್ತಿರದ ಭಾಗ ಜಾಸ್ತಿ ಅಲುಗುತ್ತದೆ, ತಗ್ಗು ದನಿಗೆ ಒಳತುದಿಯ ಭಾಗ. ಹಾರ್ಮೋನಿಯಂ ಮನೆಗಳನ್ನು ಚಾಪೆಯಂತೆ ಸುರುಳಿ ಸುತ್ತಿ ಇಟ್ಟಿದ್ದಾರೆ ಅಂದುಕೊಳ್ಳಿ. ಯಾವ ಮನೆ ಅಲುಗಿತು ಅನ್ನುವುದರ ಮೇಲೆ ಅದು ಯಾವ ಸ್ವರ ಅಂತ ಮೆದುಳಿಗೆ ತಿಳಿಯುತ್ತದೆ.

ತೀವ್ರ ಕಿವುಡುತನ ಇರುವ ಹೆಚ್ಚಿನವರಲ್ಲಿ ಸತ್ತಿರುವುದು ಈ ಕೂದಲಕೋಶಗಳು. ಅವುಗಳ ಹಿಂದಿರುವ ನರ ಅಷ್ಟೋ ಇಷ್ಟೋ ಬದುಕಿರುತ್ತದೆ. ಕಾಲಿಂಗ್ ಬೆಲ್‌ನ ಬಟನ್ ಕೆಟ್ಟಿದೆ, ಒಳಗಿನ ವೈರ್ ಸರಿಯಿದೆ. ಬಟನ್ ಬಿಟ್ಟು ನೇರವಾಗಿ ವೈರ್‌ಗೇ ಕರೆಂಟ್ ಕೊಟ್ಟರೆ ಹೇಗೆ?

ಹೊಸ ಯೋಚನೆಯೇನಲ್ಲ. 1957ರಲ್ಲೇ ಪ್ಯಾರಿಸ್‌ನಲ್ಲಿ ಆಂದ್ರೆ ಜುರ್ನೊ ಮತ್ತು ಶಾರ್ಲ್ ಎರಿಯೆಸ್ ಎಂಬಿಬ್ಬರು ಕಿವುಡರೊಬ್ಬರ ಶ್ರವಣ ನರಕ್ಕೆ ಕರೆಂಟ್ ಕೊಟ್ಟು ಶಬ್ದದ ಅನುಭವ ಬರಿಸಿದ್ದರು. 1961ರಲ್ಲಿ ಲಾಸ್ ಏಂಜಲೀಸ್‌ನ ವಿಲಿಯಂ ಹೌಸ್ ರೋಗಿಗಳಿಗೆ ಇಂಪ್ಲಾಂಟ್ ಕೂರಿಸಿದ್ದರು. ಒಂದೇ ತಂತಿಯ ಇಂಥ ಸಾಧನದಿಂದ ಶಬ್ದ ಇದೆ ಅಂತ ಗೊತ್ತಾಗುತ್ತಿತ್ತು, ಲಯ ಗೊತ್ತಾಗುತ್ತಿತ್ತು. ಮಾತು ಮಾತ್ರ ಸ್ಪಷ್ಟವಾಗುತ್ತಿರಲಿಲ್ಲ. ಒಂದೇ ಮನೆಯ ಹಾರ್ಮೋನಿಯಂನಲ್ಲಿ ಹಾಡು ಬರುತ್ತದಾ?

ಹಾಗಾದರೆ ಜಾಸ್ತಿ ತಂತಿ ಇಡಿ ಅನ್ನಬಹುದು. ಅಲ್ಲೇ ಬಂತು ತಕರಾರು. ಶ್ರವಣ ನರದಲ್ಲಿ ಸುಮಾರು 30,000 ಎಳೆಗಳಿವೆ. ಅಷ್ಟು ಎಳೆಗಳ ಕೆಲಸವನ್ನು ಒಂದಿಪ್ಪತ್ತು ತಂತಿಗಳಿಂದ ಮಾಡಿಸುತ್ತೇನೆ ಅನ್ನುವುದು ಮೊಣಕೈಯಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ ಅಂದಹಾಗೆ. ದೊಡ್ಡ ದೊಡ್ಡ ವಿಜ್ಞಾನಿಗಳೇ ಇದು ಆಗದ ಕೆಲಸ ಅಂದರು. ಕ್ಲಾರ್ಕ್ ಅವರನ್ನು ಕೋಡಂಗಿ ಅಂತ ಕರೆದವರೂ ಇದ್ದರು.

ಅವರೆಲ್ಲ ಕಿವಿಯ ಲೆಕ್ಕ ಸರಿಯಾಗಿಯೇ ಹಾಕಿದ್ದರು. ಮರೆತದ್ದು ಮೆದುಳನ್ನು. ಗಲಾಟೆಯ ಮದುವೆಮನೆಯಲ್ಲಿ ಅರ್ಧ ಮಾತು ಕೇಳಿಸಿದರೂ ನಾವು ಪೂರ್ತಿ ವಾಕ್ಯ ಅರ್ಥ ಮಾಡಿಕೊಳ್ಳುತ್ತೇವಲ್ಲ, ಹಾಗೆ ಮೆದುಳು ತೂತುಗಳನ್ನು ತಾನೇ ತುಂಬಿಕೊಳ್ಳುತ್ತದೆ. ಇಂಪ್ಲಾಂಟ್ ಆನ್ ಮಾಡಿದ ಮೊದಲ ದಿನಗಳಲ್ಲಿ ಮಾತು ರೋಬೋ ಮಾತಾಡಿದ ಹಾಗೆ, ಕರಕರ ಅಂತ ಕೇಳಿಸುತ್ತದೆ ಎಂದು ಹೇಳುವವರು ಬಹಳ. ತಿಂಗಳುಗಳು ಕಳೆದ ಮೇಲೆ ಅದೇ ಸಿಗ್ನಲ್ ಮನೆಯವರ ದನಿಯಾಗಿ ಕೇಳತೊಡಗುತ್ತದೆ. ಯಂತ್ರ ಬದಲಾಗಿರುವುದಿಲ್ಲ. ಮೆದುಳು ಹೊಸ ಭಾಷೆ ಕಲಿತಿರುತ್ತದೆ.

ಕ್ಲಾರ್ಕ್ ಕಿವಿ ಮೂಗು ಗಂಟಲಿನ ಸರ್ಜನ್. ಅವರ ತಂದೆ ಔಷಧಿ ಅಂಗಡಿ ನಡೆಸುತ್ತಿದ್ದರು, ಅವರಿಗೂ ಕಿವಿ ಮಂದ. ನಡೆಯುತ್ತಿದ್ದ ವೃತ್ತಿಯನ್ನು ಬದಿಗಿಟ್ಟು ಕ್ಲಾರ್ಕ್ ನರಗಳ ಸಂಶೋಧನೆಗೆ ಇಳಿದರು. 1969ರಲ್ಲಿ ಪಿಎಚ್‌ಡಿ ಮುಗಿಸಿದರು. ಸಂಶೋಧನೆಗೆ ದುಡ್ಡು ಸಾಲದೆ ಟಿವಿಯಲ್ಲಿ ದೇಣಿಗೆ ಎತ್ತುವ ಕಾರ್ಯಕ್ರಮದವರೆಗೂ ಹೋಯಿತು. ಪ್ರೊಫೆಸರ್ ಒಬ್ಬರು ಸಾರ್ವಜನಿಕರ ಮುಂದೆ ಕೈಚಾಚುವುದೆಂದರೆ ಸುಮ್ನೆ ಅಲ್ಲ.

ಇಲ್ಲಿಂದ ಮುಂದೆ ವಿಶ್ವವಿದ್ಯಾಲಯದ ಕೈಲಿ ಆಗದ ಕೆಲಸ ಶುರುವಾಗುತ್ತದೆ. ಅದೇನೆಂದು ಹತ್ತಿರದಿಂದ ನೋಡಿದರೆ ಕಂಪನಿ ಯಾಕೆ ಬೇಕು ಅನ್ನುವುದು ತಾನಾಗಿ ಅರ್ಥವಾಗುತ್ತದೆ. ನಮ್ಮ ದೇಹದ ಒಳಗೆ ಇರುವುದು ಬೆಚ್ಚಗಿನ ಉಪ್ಪುನೀರು. ಎಲೆಕ್ಟ್ರಾನಿಕ್ಸ್‌ಗೆ ಇದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಒಂದು ಮೊಬೈಲನ್ನು ಸಮುದ್ರದ ನೀರಿನಲ್ಲಿ ಮುಳುಗಿಸಿಟ್ಟು, ಐವತ್ತು ವರ್ಷ ಕೆಲಸ ಮಾಡಬೇಕು ಅಂದರೆ ಹೇಗಿರುತ್ತದೆ? ಅದಕ್ಕೆ ಸರ್ಕ್ಯೂಟನ್ನು ಟೈಟಾನಿಯಂ ಡಬ್ಬಿಯಲ್ಲಿ ಹಾಕಿ ಬೆಸುಗೆ ಹಾಕುತ್ತಾರೆ. ಡಬ್ಬಿ ಪೂರ್ತಿ ಮುಚ್ಚಿದರೆ ತಂತಿ ಹೊರಗೆ ಬರುವುದೆಲ್ಲಿಂದ? ತೂತು ಬೇಕು. ಒಂದೊಂದು ತೂತೂ ನೀರು ಒಳಗೆ ನುಗ್ಗುವ ದಾರಿ. ಆಸ್ಟ್ರೇಲಿಯಾದ ಸಾಧನದಲ್ಲಿ 22 ತಂತಿಗಳು ಬೇಕಿತ್ತು. ಲೋಹದ ತಂತಿಯ ಸುತ್ತ ಸೆರಾಮಿಕ್ ಕೂಡಿಸಿ, ಎರಡರ ನಡುವೆ ಒಂದು ಹನಿಯೂ ಜಿನುಗದಂತೆ ಮಾಡಬೇಕು. ಮಾಡಿದ ಮೇಲೆ ಸಾವಿರಾರು ಡಬ್ಬಿಗಳಲ್ಲಿ ಅದೇ ಗುಣಮಟ್ಟ ಬರಬೇಕು. ಇದು ಸಂಶೋಧನಾ ಪ್ರಬಂಧ ಬರೆದು ಬಗೆಹರಿಯುವ ಸಮಸ್ಯೆ ಅಲ್ಲ.

ಆಸ್ಟ್ರೇಲಿಯಾಕ್ಕೆ ಅದೃಷ್ಟ ಇತ್ತು. ನ್ಯೂಕ್ಲಿಯಸ್ ಎಂಬ ಅಲ್ಲಿನ ಕಂಪನಿಯ ಬಳಗದಲ್ಲೇ ಪೇಸ್‌ಮೇಕರ್ ಮಾಡುವ ಸಂಸ್ಥೆ ಇತ್ತು. ಹೃದಯಕ್ಕೆ ಡಬ್ಬಿ ಮಾಡಿದ ಕೈಗಳಿಗೆ ಕಿವಿಗೆ ಡಬ್ಬಿ ಮಾಡುವ ಮೂಲವಿದ್ಯೆ ಗೊತ್ತಿತ್ತು. ಸರ್ಕಾರವೂ ದುಡ್ಡು ಕೊಟ್ಟಿತು. ಅಲ್ಲಿಂದ ಕಾಕ್ಲಿಯರ್ ಎಂಬ ಕಂಪನಿ ಹುಟ್ಟಿತು. ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1985ರಲ್ಲಿ ದೊಡ್ಡವರಿಗೆ, 1990ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ಒಪ್ಪಿಗೆ ಕೊಟ್ಟಿತು. ಲೆಕ್ಕ ಹಾಕಿ: ಪಿಎಚ್‌ಡಿಯಿಂದ ಮಕ್ಕಳ ಕಿವಿಯವರೆಗೆ 21 ವರ್ಷ.

ಈ ಮಧ್ಯದ ದಾರಿಯನ್ನು ಸ್ಟಾರ್ಟಪ್ ಜನ ಸಾವಿನ ಕಣಿವೆ ಅನ್ನುತ್ತಾರೆ. ಸಂಶೋಧನೆಗೆ ಅನುದಾನ ಕೊಡುವವರಿಗೆ ಹೊಸ ವಿಷಯ ಬೇಕು. ಗೊತ್ತಾದದ್ದನ್ನೇ ಸಾವಿರ ಸಲ ತಪ್ಪಿಲ್ಲದೆ ಮಾಡುವುದಕ್ಕೆ ಅವರು ದುಡ್ಡು ಕೊಡುವುದು ಕಡಿಮೆ. ಹೂಡಿಕೆದಾರರಿಗೆ ಕೆಲಸ ಮಾಡುತ್ತದೆ ಅನ್ನುವ ಪುರಾವೆ ಮೊದಲು ಬೇಕು. ಪುರಾವೆಗೆ ದುಡ್ಡು ಬೇಕು, ದುಡ್ಡಿಗೆ ಪುರಾವೆ ಬೇಕು. ಎಷ್ಟೋ ಒಳ್ಳೆಯ ಯೋಚನೆಗಳು ಈ ನಡುವೆಯೇ ಸಾಯುತ್ತವೆ.

ಇದೇ ಕತೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಪಾತ್ರ ಬೇರೆಯವರದ್ದು. ಅಮೆರಿಕದ ಬ್ಲೇಕ್ ವಿಲ್ಸನ್. ಒಳಕಿವಿಯ ದ್ರವದಲ್ಲಿ ಕರೆಂಟ್ ಹರಡಿಕೊಳ್ಳುತ್ತದೆ. ಎಲ್ಲಾ ತಂತಿಗಳಿಗೂ ಒಟ್ಟಿಗೆ ಕರೆಂಟ್ ಕೊಟ್ಟರೆ ಒಂದರದ್ದು ಇನ್ನೊಂದಕ್ಕೆ ಸೇರಿ ಕಲಸುಮೇಲೋಗರ. ವಿಲ್ಸನ್ ತಂಡ ಒಂದಾದ ಮೇಲೊಂದು ತಂತಿಗೆ, ಅದೂ ಅತಿ ವೇಗವಾಗಿ, ಸಣ್ಣ ಸಣ್ಣ ಮಿಡಿತ ಕೊಡುವ ಕ್ರಮ ಕಂಡುಹಿಡಿಯಿತು. 1991ರಲ್ಲಿ ಅದು ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಂಪ್ಲಾಂಟ್ ಹಾಕಿಸಿಕೊಂಡವರಿಗೆ ಮಾತು ತಿಳಿಯುವುದು ಒಮ್ಮೆಲೇ ಸುಧಾರಿಸಿತು. ಪೇಟೆಂಟ್ ಮಾಡಿ ಒಂದೇ ಕಂಪನಿಗೆ ಮಾರಿದ್ದರೆ ಕೈತುಂಬ ದುಡ್ಡು ಬರುತ್ತಿತ್ತು. ಅವರು ಮತ್ತು ಅವರ ಸಂಸ್ಥೆ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಪೈಪೋಟಿಯಲ್ಲಿದ್ದ ಕಂಪನಿಗಳೆಲ್ಲ ಅದನ್ನು ಬಳಸಿಕೊಂಡವು.

ಇನ್ನೊಂದು ಕಡೆ ವಿಯೆನ್ನಾದಲ್ಲಿ ಇಂಗೆಬೋರ್ಗ್ ಹೋಖ್‌ಮೈರ್ ಎಂಬ ಎಂಜಿನಿಯರ್ ತನ್ನ ಗಂಡನ ಜೊತೆ ಸೇರಿ ಹಲವು ತಂತಿಯ ಇಂಪ್ಲಾಂಟ್ ಮಾಡಿದ್ದರು. ಅದನ್ನು ರೋಗಿಗೆ ಕೂರಿಸಿದ್ದು 1977ರ ಡಿಸೆಂಬರ್‌ನಲ್ಲಿ, ಅಂದರೆ ಕ್ಲಾರ್ಕ್‌ಗಿಂತ ಎಂಟು ತಿಂಗಳು ಮೊದಲು. ಆಕೆ ಕಟ್ಟಿದ ಮೆಡ್-ಎಲ್ ಇವತ್ತು ದೊಡ್ಡ ಕಂಪನಿ. 2013ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಈ ಮೂವರಿಗೂ ಒಟ್ಟಿಗೆ ಬಂತು: ಸರ್ಜರಿ ಮಾಡಿದವರು, ಕಂಪನಿ ಕಟ್ಟಿದವರು, ಬಿಟ್ಟುಕೊಟ್ಟವರು. ಮೂರೂ ಟೋಪಿ ಒಂದೇ ತಲೆಯ ಮೇಲೆ ಇರಬೇಕು ಅಂತ ಹಟ ಮಾಡುವವರು ಈ ಪಟ್ಟಿಯನ್ನು ಒಮ್ಮೆ ನೋಡಬೇಕು.

ರೋಗಿಯ ಗಡಿಯಾರದ ವಿಷಯಕ್ಕೆ ಬರೋಣ. ಹುಟ್ಟಿನಿಂದ ಕಿವಿ ಕೇಳದ ಮಗುವಿನಲ್ಲಿ ಅದು ಇನ್ನೂ ಜೋರಾಗಿ ಓಡುತ್ತದೆ. ಮೆದುಳಿನಲ್ಲಿ ಶಬ್ದಕ್ಕೆಂದು ಇರುವ ಜಾಗಕ್ಕೆ ಶಬ್ದವೇ ಬರದಿದ್ದರೆ ಅದು ಖಾಲಿ ಕೂರುವುದಿಲ್ಲ. ನೋಟ, ಸ್ಪರ್ಶ ಮುಂತಾದವು ನಿಧಾನವಾಗಿ ಅಲ್ಲಿಗೆ ಬಂದು ಸೇರಿಕೊಳ್ಳುತ್ತವೆ. ಮೂರೂವರೆ ವರ್ಷದ ಒಳಗೆ ಇಂಪ್ಲಾಂಟ್ ಆದ ಮಕ್ಕಳಲ್ಲಿ ಶಬ್ದಕ್ಕೆ ಮೆದುಳು ಕೊಡುವ ಪ್ರತಿಕ್ರಿಯೆ ಹೆಚ್ಚಾಗಿ ಬೇರೆ ಮಕ್ಕಳ ಮಟ್ಟಕ್ಕೆ ಬರುತ್ತದೆ, ಏಳು ವರ್ಷ ದಾಟಿದ ಮೇಲೆ ಆದರೆ ಬರುವುದು ಕಷ್ಟ ಎಂದು ಅನು ಶರ್ಮಾ ಎಂಬ ವಿಜ್ಞಾನಿಯ ಅಧ್ಯಯನಗಳು ತೋರಿಸಿವೆ. ಹಾಗಾಗಿ ಒಂದು ದೇಶದಲ್ಲಿ ಸಾಧನ ಇದೆಯೋ ಇಲ್ಲವೋ ಅನ್ನುವುದರಷ್ಟೇ ಮುಖ್ಯವಾದದ್ದು, ಹುಟ್ಟಿದ ಮಗುವಿನ ಕಿವಿಯನ್ನು ಯಾರಾದರೂ ಪರೀಕ್ಷೆ ಮಾಡುತ್ತಾರಾ ಅನ್ನುವುದು. ತಪಾಸಣೆ ತಡವಾದರೆ ಎಂಥ ಉತ್ತಮ ಯಂತ್ರವೂ ಬಸ್ ಹೋದ ಮೇಲೆ ಸ್ಟ್ಯಾಂಡಿಗೆ ಬಂದ ಹಾಗೆ. (ಕಿವುಡುತನವನ್ನು ರೋಗ ಅನ್ನಲು ಒಪ್ಪದವರೂ ಇದ್ದಾರೆ. ಸನ್ನೆ ಭಾಷೆ ಪೂರ್ಣ ಭಾಷೆ, ಅದನ್ನು ಮಗುವಿನಿಂದ ಕಿತ್ತುಕೊಳ್ಳಬೇಡಿ ಅನ್ನುವ ಅವರ ಮಾತನ್ನು ಡಾಕ್ಟರುಗಳು ಬಹಳ ಕಾಲ ಕಿವಿಗೇ ಹಾಕಿಕೊಳ್ಳಲಿಲ್ಲ.)

ಇಲ್ಲಿಯವರೆಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಕಾಕ್ಲಿಯರ್ ಇಂಪ್ಲಾಂಟ್ ಹಾಕಲಾಗಿದೆ. ದೊಡ್ಡ ಸಂಖ್ಯೆಯೇ. ಆದರೆ ಕೇಳುವ ತೊಂದರೆಗೆ ನೆರವು ಬೇಕಿರುವವರು 43 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಸುಮಾರು 80 ಶೇಕಡಾ ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಅಷ್ಟೂ ಜನರಿಗೆ ಇಂಪ್ಲಾಂಟ್ ಬೇಕಿಲ್ಲ, ಬಹಳ ಜನರಿಗೆ ಕಿವಿಯ ಮೆಷಿನ್ ಸಾಕು. ಅದೂ ಸಿಗದಿರುವುದು ವಿಜ್ಞಾನದ ಸೋಲಲ್ಲ.

ಮೂರ್ಛೆರೋಗ ಇನ್ನೊಂದು ಉದಾಹರಣೆ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಇದೆ. ಸರಿಯಾಗಿ ಪತ್ತೆ ಮಾಡಿ ಔಷಧಿ ಕೊಟ್ಟರೆ 70 ಶೇಕಡಾ ಜನ ಮೂರ್ಛೆ ಇಲ್ಲದೆ ಬದುಕಬಹುದು. ಅದಕ್ಕೆ ಕೊಡುವ ಫೆನೊಬಾರ್ಬಿಟಾಲ್ ಮಾತ್ರೆ ಬಳಕೆಗೆ ಬಂದದ್ದು 1912ರಲ್ಲಿ, ಅಗ್ಗವೂ ಹೌದು. ಆದರೂ ಅತಿ ಬಡ ದೇಶಗಳಲ್ಲಿ ನಾಲ್ಕರಲ್ಲಿ ಮೂವರಿಗೆ ಚಿಕಿತ್ಸೆ ತಲುಪುತ್ತಿಲ್ಲ. ಇಂಥ ಕಡೆ ಹೊಸ ಚಿಪ್ ಕಂಡುಹಿಡಿಯುವ ನರವಿಜ್ಞಾನಿಗಿಂತ, ನೂರು ವರ್ಷ ಹಳೆಯ ಮಾತ್ರೆಯನ್ನು ತಿಂಗಳು ತಪ್ಪದೆ ತಲುಪಿಸುವ ವ್ಯವಸ್ಥೆ ಕಟ್ಟುವವರೇ ದೊಡ್ಡ ಉದ್ಯಮಿ.

ಉದ್ಯಮ ಅಂದರೆ ಕಂಪನಿಯೇ ಆಗಬೇಕಿಲ್ಲ ಅನ್ನುವುದಕ್ಕೆ ಪವನ್ ಸಿನ್ಹಾ ಒಳ್ಳೆಯ ಉದಾಹರಣೆ. ಅವರು ಅಮೆರಿಕದ ಎಂಐಟಿಯಲ್ಲಿ ನರವಿಜ್ಞಾನಿ. ದೆಹಲಿಗೆ ಬಂದಿದ್ದಾಗ ರಸ್ತೆಬದಿಯಲ್ಲಿ ಕಣ್ಣಿನ ಪೊರೆ ಇದ್ದ ಪುಟ್ಟ ಮಕ್ಕಳನ್ನು ಕಂಡರು. ಮುದುಕರಿಗೆ ಬರುವ ಪೊರೆ ಹುಟ್ಟಿನಿಂದಲೇ ಮಕ್ಕಳಿಗೆ! ಸರ್ಜರಿಯಿಂದ ಸರಿಹೋಗುವ ಕುರುಡುತನ ಅದು. ಹಾಗೆ ಪ್ರಾಜೆಕ್ಟ್ ಪ್ರಕಾಶ್ ಶುರುವಾಯಿತು. ಹಳ್ಳಿಗಳಲ್ಲಿ ಮಕ್ಕಳ ತಪಾಸಣೆ, ದೆಹಲಿಯ ಡಾ. ಶ್ರಾಫ್ಸ್ ಚಾರಿಟಿ ಕಣ್ಣಾಸ್ಪತ್ರೆಯಲ್ಲಿ ಸರ್ಜರಿ.

ಇಲ್ಲಿ ಪುಸ್ತಕದ ವಿಜ್ಞಾನ ಅಡ್ಡ ನಿಂತಿತ್ತು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ನೋಡಿದ್ದರು. ಎಳವೆಯ ಕೆಲವು ವಾರ ಬೆಳಕು ಕಾಣದಿದ್ದರೆ, ಆಮೇಲೆ ಕಣ್ಣು ತೆರೆದರೂ ಮೆದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇವರಿಗೆ 1981ರಲ್ಲಿ ನೊಬೆಲ್ ಬಂತು. ಅದನ್ನೇ ಮನುಷ್ಯರಿಗೂ ಹೇಳಿ, ಏಳೆಂಟು ವರ್ಷ ದಾಟಿದ ಮಗುವಿಗೆ ಸರ್ಜರಿ ಮಾಡಿ ಏನು ಉಪಯೋಗ ಅನ್ನುವ ನಂಬಿಕೆ ಬೆಳೆದಿತ್ತು. ಸಿನ್ಹಾ ತಂಡ ದೊಡ್ಡ ಮಕ್ಕಳಿಗೂ ಸರ್ಜರಿ ಮಾಡಿಸಿತು. ನೋಟ ಪೂರ್ತಿ ಬರಲಿಲ್ಲ, ಆದರೆ ಬಂತು. ಓಡಾಡಲು, ಮುಖ ಗುರುತಿಸಲು ಸಾಕಾಗುವಷ್ಟು ಹಲವರಿಗೆ ಬಂತು.

ಬ್ಯಾಂಡೇಜ್ ಬಿಚ್ಚಿದ ಹೊಸದರಲ್ಲಿ ಏನು ಕಾಣುತ್ತದೆ? ನಾವು ಅಂದುಕೊಂಡಂತೆ ಪರದೆ ಸರಿದ ಹಾಗೆ ಜಗತ್ತು ಕಾಣುವುದಿಲ್ಲ. ಒಂದರ ಮೇಲೊಂದು ಬಿದ್ದ ಚೌಕ ಮತ್ತು ವೃತ್ತದ ಚಿತ್ರ ತೋರಿಸಿದರೆ, ಎರಡು ಆಕಾರ ಅಂತ ಹೇಳಲು ಆ ಮಕ್ಕಳಿಗೆ ಆಗಲಿಲ್ಲ. ಗೆರೆ ಗೆರೆಗಳ ತುಂಡುಗಳಾಗಿ ಕಂಡವು. ಅದೇ ಆಕಾರಗಳು ಚಲಿಸತೊಡಗಿದಾಗ ಮಾತ್ರ ಚೌಕ ಬೇರೆ, ವೃತ್ತ ಬೇರೆ ಅಂತ ತಟ್ಟನೆ ತಿಳಿಯಿತು. ಒಟ್ಟಿಗೆ ಚಲಿಸುವುದೆಲ್ಲ ಒಂದೇ ವಸ್ತು ಎಂಬ ಪಾಠದಿಂದ ಮೆದುಳು ನೋಡುವುದನ್ನು ಕಲಿಯಲು ಶುರು ಮಾಡುತ್ತದೆ.

ಇನ್ನೊಂದು ಪ್ರಶ್ನೆ 1688ರಷ್ಟು ಹಳೆಯದು. ಐರ್ಲೆಂಡಿನ ವಿಲಿಯಂ ಮಾಲಿನ್ಯೂ ಎಂಬಾತ ತತ್ವಜ್ಞಾನಿ ಜಾನ್ ಲಾಕ್‌ಗೆ ಪತ್ರ ಬರೆದು ಕೇಳಿದ್ದ: ಹುಟ್ಟು ಕುರುಡನೊಬ್ಬ ಮುಟ್ಟಿ ಘನವನ್ನೂ ಗೋಳವನ್ನೂ ಗುರುತಿಸಬಲ್ಲ, ಅವನಿಗೆ ಕಣ್ಣು ಬಂದರೆ ಬರೀ ನೋಡಿ ಯಾವುದು ಯಾವುದು ಅಂತ ಹೇಳುತ್ತಾನಾ? ಮುನ್ನೂರು ವರ್ಷ ವಾದ ನಡೆಯಿತು. 2011ರಲ್ಲಿ ಸಿನ್ಹಾ ತಂಡ 8ರಿಂದ 17 ವರ್ಷದ ಐದು ಮಕ್ಕಳನ್ನು ಸರ್ಜರಿಯಾದ ಕೂಡಲೇ ಪರೀಕ್ಷಿಸಿತು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸುವುದರಲ್ಲಿ ಅವರು ತಪ್ಪಿದ್ದು ತೀರಾ ಕಮ್ಮಿ. ಮುಟ್ಟಿದ್ದನ್ನು ನೋಡಿ ಗುರುತಿಸಿ ಅಂದಾಗ ಹೆಚ್ಚುಕಮ್ಮಿ ಊಹೆಯ ಮಟ್ಟ. ಅಂದರೆ ಉತ್ತರ: ಇಲ್ಲ. ಆದರೆ ಕೆಲವೇ ದಿನಗಳಲ್ಲಿ ಅದೇ ಮಕ್ಕಳು, ಯಾರೂ ಹೇಳಿಕೊಡದೆ, ಹೇಳತೊಡಗಿದರು.

ಈ ಮಾದರಿಯಲ್ಲಿ ಸೇವೆ ಮತ್ತು ಸಂಶೋಧನೆ ಒಂದನ್ನೊಂದು ಸಾಕುತ್ತವೆ. ಅಪಾಯವೂ ಅಲ್ಲೇ ಇದೆ. ಬಡ ಮನೆಯ ಮಗುವಿಗೆ ಕೊಟ್ಟ ಚಿಕಿತ್ಸೆ ಪ್ರಯೋಗಕ್ಕೆ ಕೊಟ್ಟ ಲಂಚ ಆಗಬಾರದಲ್ವಾ? ಚಿಕಿತ್ಸೆ ಮೊದಲು, ಪ್ರಯೋಗಕ್ಕೆ ಒಪ್ಪದವರಿಗೂ ಚಿಕಿತ್ಸೆ. ಈ ಗೆರೆ ದಾಟದಿದ್ದರೆ ಮಾತ್ರ ಇದು ಸೇವೆ.

ಮಾರುಕಟ್ಟೆಯ ಗಡಿಯಾರ ವಿಜ್ಞಾನಕ್ಕಿಂತ ಮುಂದೆ ಓಡಿದರೆ ಏನಾಗುತ್ತದೆ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿ ಮೆದುಳಿಗೆ ವ್ಯಾಯಾಮ ಕೊಡುವ ಲ್ಯುಮಾಸಿಟಿ ಎಂಬ ಆಟಗಳು ಗೊತ್ತಿರಬಹುದು. ಓದಿನಲ್ಲಿ, ಕೆಲಸದಲ್ಲಿ ಚುರುಕಾಗುತ್ತೀರಿ, ವಯಸ್ಸಾದಾಗಿನ ಮರೆವು ದೂರ ಇಡಬಹುದು ಎಂದು ಅದರ ಜಾಹೀರಾತು ಹೇಳುತ್ತಿತ್ತು. ಅದಕ್ಕೆ ತಕ್ಕ ಪುರಾವೆ ಇರಲಿಲ್ಲ ಎಂದು ಅಮೆರಿಕದ ವ್ಯಾಪಾರ ಆಯೋಗ ಕೇಸು ಹಾಕಿತು, 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಆಟ ಆಡಿದರೆ ಆ ಆಟದಲ್ಲಿ ಚುರುಕಾಗುತ್ತೀರಿ. ಅದು ಕೀಲಿಕೈ ಹುಡುಕುವಾಗಲೂ ನೆರವಾಗುತ್ತದಾ ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಬೇಕೆಂದರೆ ಇನ್ನೊಂದು ಗುಂಪಿಗೂ ಅಷ್ಟೇ ಹೊತ್ತು ಬೇರೇನಾದರೂ ಆಡಿಸಿ ಹೋಲಿಸಬೇಕು. ಅಳೆಯುವವರ ಜೇಬಿನಲ್ಲಿ ಆ ಕಂಪನಿಯ ಷೇರು ಇರಬಾರದು.

ಈಗ ಕಷ್ಟದ ಕತೆ. ಕ್ಯಾಲಿಫೋರ್ನಿಯಾದ ಸೆಕೆಂಡ್ ಸೈಟ್ ಕಂಪನಿ ಆರ್ಗಸ್ 2 ಎಂಬ ಕಣ್ಣಿನ ಇಂಪ್ಲಾಂಟ್ ಮಾಡಿತು. ವಂಶದಿಂದ ಬರುವ ರೋಗವೊಂದರಲ್ಲಿ ಕಣ್ಣಿನ ಬೆಳಕು ಹಿಡಿಯುವ ಕೋಶಗಳು ಒಂದೊಂದಾಗಿ ಸಾಯುತ್ತವೆ. ಅಂಥವರ ರೆಟಿನಾ ಮೇಲೆ, ಅಂದರೆ ಕಣ್ಣಿನ ಹಿಂಬದಿಯ ಪರದೆಯ ಮೇಲೆ, ಕರೆಂಟ್ ಮುಟ್ಟಿಸುವ 60 ಎಲೆಕ್ಟ್ರೋಡ್‌ಗಳ ಹಾಳೆ. ಕನ್ನಡಕದಲ್ಲಿ ಕ್ಯಾಮೆರಾ. ಕ್ಯಾಮೆರಾ ಕಂಡದ್ದು ಮಿಂಚುವ ಚುಕ್ಕೆಗಳಾಗಿ ಕಾಣುತ್ತದೆ. ಓದಲು ಸಾಲದು, ಬಾಗಿಲು ಎಲ್ಲಿದೆ, ರಸ್ತೆಯ ಅಂಚು ಎಲ್ಲಿದೆ ಅಂತ ತಿಳಿಯಲು ಕೆಲವರಿಗೆ ಸಾಕು. 2011ರಲ್ಲಿ ಯುರೋಪಿನಲ್ಲಿ, 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೆಲೆ ಸುಮಾರು ಒಂದೂವರೆ ಲಕ್ಷ ಡಾಲರ್. ಜಗತ್ತಿನಲ್ಲಿ ಸುಮಾರು 350 ಜನ ಹಾಕಿಸಿಕೊಂಡರು.

350 ಜನ ಅಂದರೆ ವಿಜ್ಞಾನಕ್ಕೆ ದೊಡ್ಡ ಸಂಖ್ಯೆ, ವ್ಯಾಪಾರಕ್ಕೆ ಏನೂ ಅಲ್ಲ. 2019ರಲ್ಲಿ ಕಂಪನಿ ಆರ್ಗಸ್ ನಿಲ್ಲಿಸಿ, ಮೆದುಳಿಗೇ ನೇರವಾಗಿ ಇಡುವ ಇನ್ನೊಂದು ಸಾಧನದ ಕಡೆ ಹೊರಳಿತು. 2020ರಲ್ಲಿ ದುಡ್ಡಿಲ್ಲದೆ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಕಣ್ಣೊಳಗೆ ಯಂತ್ರ ಇದ್ದವರಿಗೆ ಬಿಡಿಭಾಗ ಇಲ್ಲ, ರಿಪೇರಿ ಇಲ್ಲ, ಫೋನ್ ಎತ್ತುವವರಿಲ್ಲ. ಒಬ್ಬರಿಗೆ ಮೆದುಳಿನ ತೊಂದರೆಯ ಅನುಮಾನ ಬಂದು ಎಂಆರ್‌ಐ ಬೇಕಾಯಿತು. ಇಂಪ್ಲಾಂಟ್ ಇರುವಾಗ ಮಾಡಬಹುದಾ ಅಂತ ಕೇಳಲು ಕಂಪನಿಯಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ಸಿಟಿ ಸ್ಕ್ಯಾನ್‌ನಲ್ಲಿ ಮುಗಿಸಬೇಕಾಯಿತು. 2022ರಲ್ಲಿ ಐಇಇಇ ಸ್ಪೆಕ್ಟ್ರಂ ಪತ್ರಿಕೆ ಇದನ್ನೆಲ್ಲ ಬಯಲಿಗೆ ತಂದಿತು. ಅಲ್ಲಿ ಯಾರೂ ಮೋಸ ಮಾಡಿದವರಲ್ಲ. ವಿಜ್ಞಾನ ಸುಳ್ಳಾಗಿರಲಿಲ್ಲ, ಡಾಕ್ಟರುಗಳು ತಪ್ಪು ಮಾಡಿರಲಿಲ್ಲ. ದುಡ್ಡಿನ ಗಡಿಯಾರ ನಿಂತಿತು, ರೋಗಿಯದ್ದು ಓಡುತ್ತಲೇ ಇತ್ತು, ಅಷ್ಟೇ. ನನಗೆ ಹೆಚ್ಚು ಭಯ ಆಗುವುದು ಇದಕ್ಕೇ.

ಕಂಪನಿ ಮುಳುಗಿದರೂ ಕೆಲಸ ಉಳಿದ ಉದಾಹರಣೆಯೂ ಇದೆ. ಬ್ರೌನ್ ವಿಶ್ವವಿದ್ಯಾಲಯದ ನರವಿಜ್ಞಾನಿ ಜಾನ್ ಡೊನಹ್ಯೂ ಮತ್ತು ಸಂಗಡಿಗರು 2001ರಲ್ಲಿ ಸೈಬರ್‌ಕೈನೆಟಿಕ್ಸ್ ಕಂಪನಿ ಶುರು ಮಾಡಿದರು. ನಾಲ್ಕು ಮಿಲಿಮೀಟರ್ ಅಗಲದ, ಸೂಜಿಗಳ ಹಾಸಿನಂಥ ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಮೆದುಳಿನ ಮೇಲ್ಪದರದಲ್ಲಿ ಇಟ್ಟು, ಕೈ ಆಡಿಸುವ ಯೋಚನೆಯನ್ನು ಕಂಪ್ಯೂಟರಿಗೆ ಓದಿಸುವ ಬ್ರೈನ್‌ಗೇಟ್ ಅವರದ್ದು. 2004ರಲ್ಲಿ ಕತ್ತಿನ ಕೆಳಗೆ ಚಲನೆ ಇಲ್ಲದ ಯುವಕನೊಬ್ಬ ಯೋಚನೆಯಿಂದಲೇ ಕರ್ಸರ್ ಓಡಿಸಿದ. ಕಂಪನಿ 2009ರ ಹೊತ್ತಿಗೆ ದುಡ್ಡಿಲ್ಲದೆ ಮುಚ್ಚಿತು. ಆದರೆ ಪ್ರಯೋಗವನ್ನು ವಿಶ್ವವಿದ್ಯಾಲಯ ಮತ್ತು ಆಸ್ಪತ್ರೆಗಳು ಸರ್ಕಾರದ ಅನುದಾನದಲ್ಲಿ ಎತ್ತಿಕೊಂಡವು. 2012ರಲ್ಲಿ ಪ್ರಕಟವಾದ ವರದಿಯಲ್ಲಿ, ಸ್ಟ್ರೋಕ್ ಆಗಿ ಸುಮಾರು 15 ವರ್ಷದಿಂದ ಕೈಕಾಲು ಆಡದ ಮಹಿಳೆಯೊಬ್ಬರು ರೋಬೋ ಕೈಯಿಂದ ಬಾಟಲಿ ಎತ್ತಿ ಕಾಫಿ ಕುಡಿದರು. ಕಂಪನಿ ಕಟ್ಟಿದವರು ಲ್ಯಾಬಿನ ಬಾಗಿಲು ಮುಚ್ಚಿರಲಿಲ್ಲ, ಅದರಿಂದ ಇದು ಸಾಧ್ಯವಾಯಿತು.

ಹಾಗಾಗಿ ಮೆದುಳಿನ ಸ್ಟಾರ್ಟಪ್ ಬಗ್ಗೆ ಸುದ್ದಿ ಬಂದಾಗ ನಾನು ಎಷ್ಟು ಕೋಟಿ ಹೂಡಿಕೆ ಬಂತು ಅನ್ನುವುದನ್ನು ಬಿಟ್ಟು ಬೇರೆ ಸಾಲು ಹುಡುಕುತ್ತೇನೆ. ಪ್ರಯೋಗ ಮುಗಿದ ಮರುದಿನ ರೋಗಿಯ ಖರ್ಚು ಯಾರದ್ದು? ಕಂಪನಿ ಮುಚ್ಚಿದರೆ ವಿನ್ಯಾಸದ ಕಾಗದಪತ್ರ ಯಾರ ಕೈಗೆ ಹೋಗುತ್ತದೆ? ತೆಗೆಸಬೇಕೆಂದರೆ ಸರ್ಜರಿಗೆ ದುಡ್ಡು ಎತ್ತಿಟ್ಟಿದ್ದಾರಾ? ಈ ಸಾಲು ಸಿಗುವುದು ಅಪರೂಪ.

ಸೆಕೆಂಡ್ ಸೈಟ್ ಆದಮೇಲೂ ಕಣ್ಣಿನ ಚಿಪ್ಪಿನ ಕೆಲಸ ನಿಂತಿಲ್ಲ. ಸ್ಟ್ಯಾನ್‌ಫರ್ಡ್‌ನ ಡೇನಿಯಲ್ ಪಲಾಂಕರ್ ಪ್ರಿಮಾ ಎಂಬ ಚಿಪ್ ರೂಪಿಸಿದರು. ವಯಸ್ಸಾದವರಲ್ಲಿ ನೋಟದ ನಟ್ಟನಡುವಿನ ಭಾಗ ಹಾಳಾಗುವ ರೋಗಕ್ಕೆ ಇದು. ಎರಡು ಮಿಲಿಮೀಟರ್ ಚೌಕ, 378 ಚುಕ್ಕೆಗಳು. ಅದನ್ನು ಮನುಷ್ಯರಲ್ಲಿ ಪರೀಕ್ಷಿಸುತ್ತಿದ್ದದ್ದು ಪ್ಯಾರಿಸ್‌ನ ಪಿಕ್ಸಿಯಂ ವಿಷನ್ ಕಂಪನಿ. ರೋಗಿಗಳ ಕಣ್ಣಲ್ಲಿ ಚಿಪ್ ಕೂತು, ಪರೀಕ್ಷೆ ಇನ್ನೂ ನಡೆಯುತ್ತಿರುವಾಗಲೇ ಪಿಕ್ಸಿಯಂ ದಿವಾಳಿಯಾಯಿತು. 2024ರಲ್ಲಿ ಅಮೆರಿಕದ ಸೈನ್ಸ್ ಕಾರ್ಪೊರೇಷನ್ ಅದರ ಆಸ್ತಿ ಕೊಂಡುಕೊಂಡು ಪರೀಕ್ಷೆ ಮುಂದುವರಿಸಿತು. 2025ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು. ಒಂದು ವರ್ಷ ಪೂರೈಸಿದ 32 ಜನರಲ್ಲಿ 26 ಮಂದಿಗೆ ನೋಟ ಸುಧಾರಿಸಿತ್ತು, ಅಕ್ಷರ ಓದುವಷ್ಟು ಸುಧಾರಿಸಿದವರೂ ಇದ್ದರು.

ಈ ಚಿಪ್ಪಿಗೆ ತಂತಿ ಇಲ್ಲ, ಬ್ಯಾಟರಿಯೂ ಇಲ್ಲ. ಕನ್ನಡಕದಿಂದ ಬರುವ ಇನ್‌ಫ್ರಾರೆಡ್ ಬೆಳಕಿನಿಂದಲೇ ಅದಕ್ಕೆ ಶಕ್ತಿ, ಅದರಿಂದಲೇ ಚಿತ್ರ. ಒಳಗಿನ ಚಿಪ್ ಕೆಡುವ ಮೊದಲು ಹೊರಗಿನ ಕನ್ನಡಕ ಕೆಡಬಹುದು, ಬಿದ್ದು ಒಡೆಯಬಹುದು. ಆಗ ಚಿಪ್ ಸುಮ್ನೆ ಮಲಗಿರುತ್ತದೆ, ಹೊಸ ಕನ್ನಡಕ ಯಾರಾದರೂ ಮಾಡಿ ಕಳಿಸುವವರೆಗೆ.